ಹೊಲದಲ್ಲಿ ಮನೆ ಕಟ್ಟುವ ಮುನ್ನ

ಊರೊಳಗೆ ಜಾಗ ಸಾಲದಾದಾಗ ರೈತರು ಹೊಲದತ್ತ ನೋಡುವುದು ಸಹಜ. ಆದರೆ ಎಲ್ಲ ಮನೆಗಳಿಗೂ ನಿಯಮ ಒಂದೇ ಅಲ್ಲ. ಕರ್ನಾಟಕದ ರೈತ ಬಾಂಧವರು ಮೂರು ಬಗೆಗಳನ್ನು ತಿಳಿದಿರಬೇಕು.

1. ಗ್ರಾಮಠಾಣದೊಳಗಿನ ಮನೆ: ಗ್ರಾಮ ಪಂಚಾಯಿತಿಯ ಪರವಾನಗಿ ಪಡೆದು ಕಟ್ಟಬೇಕು.

2. ತೋಟದ ಮನೆ: 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ರೈತನು ತನ್ನ ವಾಸಕ್ಕೆ, ದನ ಕಟ್ಟಲು, ಉಪಕರಣ ಇಡಲು ಭೂಪರಿವರ್ತನೆಯಿಲ್ಲದೆ ಕಟ್ಟಿಕೊಳ್ಳಬಹುದು. ಇದು ಹಿಡುವಳಿಯ ಶೇ. 10ನ್ನು ಮೀರಬಾರದು, ಎಂದರೆ 2 ಎಕರೆಗೆ ಹೆಚ್ಚೆಂದರೆ 8 ಗುಂಟೆ. ವ್ಯಾಪಾರಕ್ಕೆ ಬಾಡಿಗೆ ಕೊಡುವಂತಿಲ್ಲ.

3. ನಿವೇಶನಗಳ ಬಡಾವಣೆ: ಭೂಪರಿವರ್ತನೆಯಾಗಬೇಕು. ಜೊತೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ರಸ್ತೆ, ಉದ್ಯಾನಗಳಿಗೆ ಜಾಗ ಬಿಟ್ಟ ನಕ್ಷೆಗೆ ಮಂಜೂರಾತಿ ಬೇಕು. ಇವಿಲ್ಲದೆ ಕಲ್ಲು ನೆಟ್ಟು ಮಾರಿದ ರೆವಿನ್ಯೂ ನಿವೇಶನ ಕೊಂಡವರು ಖಾತೆಗೆ, ಬ್ಯಾಂಕಿನ ಸಾಲಕ್ಕೆ ಅಲೆಯಬೇಕಾಗುತ್ತದೆ.

ತೋಟದ ಮನೆಗೆ ಗರಸು ನೆಲದ ಮೂಲೆಯನ್ನು ಆರಿಸಿರಿ. ಎರೆಮಣ್ಣು ಹಿಗ್ಗಿ ಕುಗ್ಗುವುದರಿಂದ ಗೋಡೆ ಬಿರಿಯುತ್ತದೆ. ಒಳ್ಳೆಯ ಸಾಗುವಳಿ ನೆಲವೂ ಹೋಗುತ್ತದೆ. ಪಾಯ ತೋಡುವ ಮೊದಲು ಮೇಲ್ಮಣ್ಣನ್ನು ತೆಗೆದು ಹೊಲಕ್ಕೆ ಹರಡಿರಿ. ಒಂದಂಗುಲ ಮೇಲ್ಮಣ್ಣು ಉಂಟಾಗಲು ನೂರಾರು ವರ್ಷ ಬೇಕು. ಮನೆಯನ್ನು ಮತ್ತೆ ಕಟ್ಟಬಹುದು, ಮಣ್ಣನ್ನು ಕಟ್ಟಲಾಗದು.