ಮುಖಕ್ಕೊಂದು ಲೆನ್ಸ್, ಕಡಲಿಗೊಂದು ಲೆನ್ಸ್

ಮನೆಯ ಹಿರಿಯರು ತೀರಿಕೊಂಡಾಗ ಪತ್ರಿಕೆಗೆ ಕೊಡಲು, ಸ್ಮರಣೆಯ ಕಾರ್ಡಿನಲ್ಲಿ ಅಚ್ಚು ಹಾಕಿಸಲು ಒಂದು ಒಳ್ಳೆಯ ಭಾವಚಿತ್ರಕ್ಕಾಗಿ ಹುಡುಕಾಟ ಶುರುವಾಗುತ್ತದೆ. ಕೊನೆಗೆ ಯಾರದೋ ಮದುವೆಯ ಗುಂಪು ಚಿತ್ರದಿಂದ ಕತ್ತರಿಸಿ ತೆಗೆದ ಮಸುಕು ಮುಖವೇ ಗತಿ. ಫೋನಿನಲ್ಲಿ ನೂರಾರು ಚಿತ್ರಗಳಿದ್ದರೂ ಹೀಗೇಕೆ? ಮುಖಕ್ಕೆ ಯಾವ ಲೆನ್ಸ್, ಪ್ರಕೃತಿ ದೃಶ್ಯಕ್ಕೆ ಯಾವುದು ಎಂಬ ಬಗ್ಗೆ ನಮಗೆ ತಿಳಿದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮುಖದ ಆಕಾರವನ್ನು ನಿಜವಾಗಿ ನಿರ್ಧರಿಸುವುದು ನಾವು ನಿಲ್ಲುವ ದೂರ. ಫೋನಿನ ಮುಖ್ಯ ಕ್ಯಾಮರಾ ಸಾಮಾನ್ಯವಾಗಿ 24ರಿಂದ 26 ಮಿ.ಮೀ.ಗೆ ಸಮನಾದ ಅಗಲ ನೋಟದ್ದು. ಚೌಕಟ್ಟಿನಲ್ಲಿ ಮುಖ ತುಂಬಬೇಕಾದರೆ ತೀರಾ ಹತ್ತಿರ ಹೋಗಬೇಕು. ಆಗ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು, ಅಜ್ಜಿ ಅಜ್ಜಿಯಂತೆಯೇ ಕಾಣುವುದಿಲ್ಲ. ಒಂದೂವರೆ, ಎರಡು ಮೀಟರ್ ದೂರ ನಿಂತರೆ ಮುಖ ಸಹಜವಾಗಿರುತ್ತದೆ. ಅಷ್ಟು ದೂರದಿಂದ ಚೌಕಟ್ಟು ತುಂಬಿಸಲೆಂದೇ 85 ಮಿ.ಮೀ. ಲೆನ್ಸನ್ನು ಛಾಯಾಗ್ರಾಹಕರು ಮೆಚ್ಚುತ್ತಾರೆ. ಅದು ದುಬಾರಿ ಎನಿಸಿದರೆ ನಮ್ಮ ಸಲಹೆ 50 ಮಿ.ಮೀ., ಎಫ್ 1.8 ಲೆನ್ಸ್. ಚಿಕ್ಕ ಸೆನ್ಸರಿನ ಡಿಎಸ್‌ಎಲ್‌ಆರ್‌ಗಳಲ್ಲಿ ಇದು 75ರಿಂದ 80 ಮಿ.ಮೀ.ನಂತೆ ಕೆಲಸ ಮಾಡುತ್ತದೆ. ಕ್ಯಾಮರಾ ಜೊತೆ ಬರುವ 18-55 ಲೆನ್ಸ್ 55ರಲ್ಲಿ ಎಫ್ 5.6 ಮಾತ್ರ, ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಇದರಲ್ಲಿ ಒಳಬರುತ್ತದೆ. ಮಳೆಗಾಲದ ಮಬ್ಬಿನಲ್ಲೂ ಕಿಟಕಿಯ ಪಕ್ಕ ಕೂರಿಸಿ, ಫ್ಲ್ಯಾಶ್ ಇಲ್ಲದೆ ತೆಗೆಯಬಹುದು. ಆದರೆ 1.8ರಲ್ಲೇ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು; 2.8 ಇಟ್ಟರೆ ಕ್ಷೇಮ. ಫೋನ್ ಮಾತ್ರ ಇರುವವರು ಎರಡು ಹೆಜ್ಜೆ ಹಿಂದೆ ಸರಿದು 2 ಪಟ್ಟು ಜೂಮ್ ಬಳಸಲಿ.

ನಿಕಾನ್ ಡಿ40, ಡಿ3000ದಂಥ ಕ್ಯಾಮರಾ ಇರುವವರು ಒಂದು ಮಾತು ಗಮನಿಸಬೇಕು: ಹಳೆಯ 'ಎಎಫ್-ಡಿ' ಲೆನ್ಸ್‌ಗಳು ಅವುಗಳಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ. 'ಎಎಫ್-ಎಸ್' ಎಂದು ಬರೆದದ್ದನ್ನೇ ಕೇಳಿ.

ಪ್ರಕೃತಿ ದೃಶ್ಯಕ್ಕೆ ಅಗಲ ಲೆನ್ಸೇ ಬೇಕೆಂಬುದು ಅರ್ಧ ಸತ್ಯ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ 10-18 ಮಿ.ಮೀ. ಲೆನ್ಸ್ ಹಿಡಿದು ಬಗ್ಗಿ, ಕಂಬದಂಥ ಕಲ್ಲುಗಳನ್ನು ಹತ್ತಿರದಲ್ಲೇ ಮುಂದಿಟ್ಟುಕೊಂಡರೆ ಚಿತ್ರಕ್ಕೆ ಆಳ ಬರುತ್ತದೆ. ಎದುರಿಗೆ ಏನೂ ಇಲ್ಲದಿದ್ದರೆ ಕಡಲು ಬರೀ ಗೆರೆ. ಮಳೆ ನಿಂತ ಬಳಿಕ ಬೆಳಗ್ಗೆ ಕಾಣುವ ಘಟ್ಟದ ಸಾಲಿಗಂತೂ 55-200ರಂಥ ಉದ್ದ ಲೆನ್ಸೇ ಸರಿ. ಅಗಲ ಲೆನ್ಸಿನಲ್ಲಿ ಅದು ಬೇಲಿಯಷ್ಟು ಗಿಡ್ಡ. ಎಫ್ 8ರಿಂದ 11 ಸಾಕು.

ಹಳೆಯ ಲೆನ್ಸ್ ಕೊಳ್ಳುವವರು ಅದರೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ನಮ್ಮ ತೇವದ ಹವೆಯಲ್ಲಿ ಬೇಗ ಹಬ್ಬುತ್ತದೆ. ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸುವ ಬದಲು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಕಡಲ ಬದಿಯಿಂದ ಬಂದೊಡನೆ ಲೆನ್ಸಿನ ಹೊರಮೈಯನ್ನು ತುಸು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಉಪ್ಪು ಉಳಿಯುವುದಿಲ್ಲ.