ಲೆಕ್ಕಕ್ಕೆ ಸಿಗದ ಅಯಸ್ಕಾಂತ

ಕಲಾ ವಿಭಾಗದವನಿಗೆ ಅಯಸ್ಕಾಂತದ ಗೊಡವೆ ಏಕೆಂದು ಮಿತ್ರರು ಕೇಳಿಯಾರು. ಕಳೆದ ರಜೆಯಲ್ಲಿ, ಕೆಟ್ಟ ರೇಡಿಯೋದಿಂದ ಕಳಚಿದ ಅಯಸ್ಕಾಂತವೊಂದು ಮೊಳೆಗಳನ್ನು ಸೆಳೆಯುವುದನ್ನು ನೋಡುತ್ತ ನಮ್ಮ ತಂದೆಯವರು, "ಇದು ಹ್ಯಾಗೋ? ಓದಿದವನು ನೀನು, ಹೇಳು" ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಉತ್ತರ ಬರಲಿಲ್ಲ. ಆ ನಾಚಿಕೆಯಿಂದ ಹುಡುಕಹೊರಟವನಿಗೆ ಸಿಕ್ಕಿದ್ದನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅಕ್ಕಪಕ್ಕದವು ಪರಸ್ಪರ ಪ್ರಭಾವದಿಂದ ಒಂದೇ ದಿಕ್ಕಿಗೆ ಮುಖ ಮಾಡಿದರೆ ಇಡೀ ತುಂಡೇ ಅಯಸ್ಕಾಂತವಾಗುತ್ತದೆ. ಕೆಲವು ವಸ್ತುಗಳಲ್ಲಿ ನೆರೆಯವು ಒಂದಕ್ಕೊಂದು ವಿಮುಖವಾಗಿ ನಿಲ್ಲುತ್ತವೆ. ಆಗ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕಷ್ಟ ಬರುವುದು ಲೆಕ್ಕದಲ್ಲಿ. ಒಂದೊಂದಕ್ಕೂ ಮೇಲ್ಮುಖ, ಕೆಳಮುಖ ಎಂಬ ಎರಡೇ ನಿಲುವುಗಳೆಂದುಕೊಂಡರೂ 10 ಪರಮಾಣುಗಳಿಗೆ 1,024 ಜೋಡಣೆಗಳು. 20ಕ್ಕೆ ಹತ್ತು ಲಕ್ಷಕ್ಕೂ ಮಿಕ್ಕು. 300ಕ್ಕೆ, ಕಾಣುವ ವಿಶ್ವದಲ್ಲಿರುವ ಪರಮಾಣುಗಳಿಗಿಂತ ಹೆಚ್ಚು! ಕ್ವಾಂಟಂ ನಿಯಮದಂತೆ ಇವೆಲ್ಲ ಏಕಕಾಲಕ್ಕೆ ಬೆರೆತಿರಬಲ್ಲವಾದ್ದರಿಂದ ಯಾವುದನ್ನೂ ಬಿಡುವಂತಿಲ್ಲ. ಪ್ರಕೃತಿಯನ್ನು ಅನುಕರಿಸುವ ಯಂತ್ರವೂ ಕ್ವಾಂಟಂ ನಿಯಮದಂತೆಯೇ ನಡೆಯಬೇಕೆಂದು ರಿಚರ್ಡ್ ಫೈನ್‌ಮನ್ 1981ರಲ್ಲಿ ಹೇಳಿದ್ದು ಇದಕ್ಕಾಗಿಯೇ.

ಅಂಥ ಯಂತ್ರ ಈಗ ಇದೆ. ಗಾಳಿ ತೆಗೆದ ಪಾತ್ರೆಯೊಳಗೆ ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನಿಂದ ತಣಿಸಿ, ಬೆಳಕಿನದೇ ಚಿಮಟಗಳಲ್ಲಿ ಒಂದೊಂದನ್ನೇ ಹಿಡಿದು, ಮಿಲಿಮೀಟರಿನ ಸಾವಿರದ ಕೆಲವೇ ಪಾಲಿನಷ್ಟು ಅಂತರದಲ್ಲಿ, ಚೌಕಾಬಾರದ ಮನೆಗಳಂತೆ ಕೂರಿಸುತ್ತಾರೆ. ಆ ದೂರದಲ್ಲಿ ಅವು ಒಂದನ್ನೊಂದು ಗಮನಿಸುವುದೇ ಇಲ್ಲವೆನ್ನಬಹುದು. ತಕ್ಕ ಲೇಸರ್ ಬಿದ್ದಾಗ ಪರಮಾಣುವಿನ ಹೊರ ಇಲೆಕ್ಟ್ರಾನು ಬಹು ದೂರಕ್ಕೇರಿ, ಪರಮಾಣು ಉಬ್ಬುತ್ತದೆ. ಇದೇ ರಿಡ್‌ಬರ್ಗ್ ಸ್ಥಿತಿ. ಉಬ್ಬಿದ್ದನ್ನು ಮೇಲ್ಮುಖವೆಂದೂ ಉಳಿದದ್ದನ್ನು ಕೆಳಮುಖವೆಂದೂ ಎಣಿಸುತ್ತಾರೆ. ಒಂದು ಉಬ್ಬಿದರೆ ತೀರ ನೆರೆಯದು ಉಬ್ಬಲಾರದು. ಈ ಕಟ್ಟುಪಾಡಿನ ಹಗ್ಗ ಪ್ರಯೋಗಕಾರರ ಕೈಯಲ್ಲಿದೆ: ಅಂತರವನ್ನು ಇಮ್ಮಡಿಸಿದರೆ ಪ್ರಭಾವ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಬ್ಬಿಣದ ತುಂಡಿನಲ್ಲಿ ಪರಮಾಣುಗಳನ್ನು ಹೀಗೆ ಸರಿಸಿ ನೋಡುವವರು ಯಾರು?

2021ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಅಮೆರಿಕೆಯ ಹಾರ್ವರ್ಡಿನವರು 256, ಪ್ಯಾರಿಸ್ ಬಳಿಯ ತಂಡದವರು 196 ಪರಮಾಣುಗಳವರೆಗೆ ಜೋಡಿಸಿ, ಲೇಸರನ್ನು ಹದವಾಗಿ ಬದಲಿಸುತ್ತ ಹೋದರು. ಛಾಯಾಚಿತ್ರದಲ್ಲಿ ಚದುರಂಗದ ಹಲಗೆ ಮೂಡಿತು: ಒಂದು ಮನೆ ಬೆಳಕು, ಒಂದು ಮನೆ ಕತ್ತಲೆ. ಅಲ್ಲಲ್ಲಿ ತಪ್ಪಿದ ಮನೆಗಳೂ ಉಂಟು. ಆದರೆ ಯಾವುದು ಎತ್ತ ನಿಲ್ಲಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ; ನೆರೆಹೊರೆಯ ಪ್ರಭಾವದಿಂದಲೇ ಆ ವಿಮುಖ ವಿನ್ಯಾಸ ತಾನಾಗಿ ಏರ್ಪಟ್ಟಿತ್ತು.

ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ಕೊನೆಯವರೆಗೂ ಕೇಳಿ, "ಅದು ಮೊಳೆ ಎಳೆಯುತ್ತದೇನೋ?" ಎಂದರು. ಇಲ್ಲವೆಂದೆ. "ಹಾಗಾದರೆ ನಮ್ಮದು ಇರಲಿ" ಎಂದು ಅಯಸ್ಕಾಂತವನ್ನು ಗೂಡಿನಲ್ಲಿಟ್ಟರು.