ಉಳವಿಯ ದಾರಿಗೊಂದು ಕೈಡಬ್ಬಿ

ಭಾರತ ಹುಣ್ಣಿಮೆ ಸಮೀಪಿಸಿದಂತೆ ಅನಗೋಳ, ಖಾನಾಪುರ ಭಾಗದ ಶರಣ ಕುಟುಂಬಗಳಲ್ಲಿ ಉಳವಿ ಜಾತ್ರೆಯ ಸಿದ್ಧತೆ ಮೊದಲಾಗುತ್ತದೆ. ಚಕ್ಕಡಿ ಹೂಡುವವರಿರಲಿ, ಪಾದಯಾತ್ರೆ ಕೈಗೊಳ್ಳುವವರಿರಲಿ, ಬುತ್ತಿ ಕಟ್ಟುವುದನ್ನು ಯಾರೂ ಮರೆಯುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆಗಳಿಗೆ ಕೊರತೆಯೇ ಇರದು. ಆದರೆ ದಾರಿ ತಪ್ಪಿ ಒಂದು ರಾತ್ರಿಯನ್ನು ಅಡವಿಯಲ್ಲೇ ಕಳೆಯಬೇಕಾಗಿ ಬಂದರೆ ಕೈಯಲ್ಲಿ ಏನಿರಬೇಕೆಂದು ಯೋಚಿಸಿ ಹೊರಡುವವರು ವಿರಳ.

12ನೆಯ ಶತಮಾನದಲ್ಲಿ ಕಲ್ಯಾಣವನ್ನು ತೊರೆದ ಶರಣರು ಚೆನ್ನಬಸವಣ್ಣನವರೊಡನೆ ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದದ್ದು ಈ ಕಾಡನ್ನು ನಂಬಿಯೇ. ಕಾದರವಳ್ಳಿಯಲ್ಲಿ ಕಾಳಗ ನಡೆಯಿತೆಂದೂ, ಡೋಹರ ಕಕ್ಕಯ್ಯನವರು ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಲಿಂಗೈಕ್ಯರಾದರೆಂದೂ ನಮ್ಮ ಪರಂಪರೆ ಹೇಳುತ್ತದೆ. ಅಂದು ಬೆನ್ನಟ್ಟಿ ಬಂದವರಿಂದ ಶರಣರನ್ನು ಮರೆಮಾಡಿದ ಕಾಡು, ಇಂದು ಹುಡುಕಿ ಬರುವವರಿಂದ ನಮ್ಮನ್ನೂ ಮರೆಮಾಡಬಲ್ಲದು. ಉಳವಿಯ ಗುಡಿಯ ಬಳಿ ಜನಸಂದಣಿ ಇದ್ದರೂ ಮಹಾಮನೆ ಗವಿ, ಅಕ್ಕನಾಗಮ್ಮನ ಗವಿಗಳನ್ನು ನೋಡಲು ಹೋಗುವಾಗ ಸುತ್ತಲೂ ಮರಗಳೇ. ಖಾನಾಪುರದ ಪಡುವಣಕ್ಕೆ, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಅಡವಿಯೂ ಹಾಗೆಯೇ ದಟ್ಟವಾದುದು. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ.

ಪರದೇಶದ ಪುಸ್ತಕಗಳಲ್ಲಿ ಇಂಥ ಡಬ್ಬಿಗೆ ಮೀನಿನ ಗಾಳ, ಉರುಲು ಹಾಕುವ ತಂತಿ ಮುಂತಾದವನ್ನು ಸೇರಿಸಲು ಹೇಳುವುದುಂಟು. ನಮಗೆ ಅವು ಬೇಡ. ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಒಪ್ಪದು, ನಮ್ಮ ಆಚಾರವೂ ಒಪ್ಪದು. ಅಲ್ಲದೆ ಒಂದೆರಡು ದಿನದ ಹಸಿವಿನಿಂದ ಆರೋಗ್ಯವಂತರು ಸಾಯುವುದಿಲ್ಲ. ಕಂಗೆಡಿಸುವುದು ಬಾಯಾರಿಕೆ, ಚಳಿ, ಗಾಯ ಹಾಗೂ ಕತ್ತಲೆ.

ಮಕ್ಕಳು ಶಾಲೆಗೆ ಒಯ್ಯುವಂಥ ಮುಚ್ಚಳವುಳ್ಳ ಸ್ಟೀಲ್ ಡಬ್ಬಿಯೊಂದು ಸಾಕು; ಅದೇ ನೀರು ಮೊಗೆಯುವ ಪಾತ್ರೆಯೂ ಆಗುತ್ತದೆ. ಮೊದಲು ಹಾಕಬೇಕಾದುದು ಸೀಟಿ. ಕೂಗಿ ಕೂಗಿ ಗಂಟಲು ಕಟ್ಟಿಹೋದರೂ ಸೀಟಿ ಊದಲು ಉಸಿರಿರುತ್ತದೆ. ಮೂರು ಸಲ ಊದಿ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಮೂರು ಸಲ ಊದುವುದು ಅನೇಕ ದೇಶಗಳಲ್ಲಿ ಆಪತ್ತಿನ ಕರೆಯೆಂದು ಪರಿಚಿತವಾಗಿದೆ. ಮಕ್ಕಳ ಕೊರಳಿಗಂತೂ ಒಂದೊಂದು ಸೀಟಿ ಕಟ್ಟಿ, ದಾರಿ ತಪ್ಪಿದರೆ ನಿಂತಲ್ಲೇ ನಿಂತು ಊದಲು ಕಲಿಸಿರಬೇಕು. ಅದರೊಡನೆ ಚಿಕ್ಕ ಟಾರ್ಚು, ಬೇರೆಯಾಗಿಟ್ಟ ಸೆಲ್ಲುಗಳು, ಚಾಕು, ನಾಲ್ಕು ಮಾರು ಗಟ್ಟಿ ಹುರಿ, ಒಂದು ಲೀಟರ್ ನೀರಿಗೆ ಬೆರೆಸುವ ಓ.ಆರ್.ಎಸ್. ಪೊಟ್ಟಣ ಎರಡು, ನೀರು ಶುದ್ಧಿಯ ಕ್ಲೋರಿನ್ ಗುಳಿಗೆ, ಬೆಲ್ಲದ ತುಂಡು, ನಿತ್ಯ ಔಷಧ ಸೇವಿಸುವವರಿಗೆ ಎರಡು ದಿನದ ಗುಳಿಗೆಗಳು. ಹೊದೆಯಲು ಕಂಬಳಿಯನ್ನು ಮೀರಿದ್ದಿಲ್ಲ, ನೆನೆದರೂ ಬೆಚ್ಚಗಿರಿಸುತ್ತದೆ. ಹೊರಲು ಭಾರವೆನಿಸಿದರೆ ಮಡಚಿದ ದಪ್ಪ ಪ್ಲಾಸ್ಟಿಕ್ ಹಾಳೆಯಾದರೂ ಇರಲಿ.

ಕಡ್ಡಿಪೆಟ್ಟಿಗೆಯ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ. ಮಾಘದಲ್ಲಿ ಕಾಡಿನ ನೆಲವೆಲ್ಲ ತರಗೆಲೆ. ಒಂದು ಕಿಡಿ ಗುಡ್ಡವನ್ನೇ ಸುಡಬಲ್ಲದು, ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಾಕುವುದು ಅಪರಾಧವೂ ಹೌದು. ಟಾರ್ಚೂ ಹೊದಿಕೆಯೂ ಇದ್ದಲ್ಲಿ ಬೆಂಕಿಯ ಅಗತ್ಯ ತೀರ ಕಡಿಮೆ.

ಹಾವು ಕಡಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಇವೆಲ್ಲ ಇಂದಿಗೂ ನಡೆದಿವೆ. ಇವು ಹಾನಿಯನ್ನೇ ಹೆಚ್ಚಿಸುತ್ತವೆ. ಡಬ್ಬಿಯಲ್ಲಿನ ಅಗಲ ಪಟ್ಟಿಯಿಂದ ಕಡಿದ ಕಾಲನ್ನು ಒಂದು ಕೋಲಿಗೆ ಸಡಿಲವಾಗಿ ಕಟ್ಟಿ, ಅಲುಗಾಡದಂತೆ ಮಾಡಿ, ರೋಗಿಯನ್ನು ನಡೆಸದೆ ಹೊತ್ತೊಯ್ದು ಪ್ರತಿವಿಷದ ಚುಚ್ಚುಮದ್ದು ದೊರೆಯುವ ಆಸ್ಪತ್ರೆ ತಲುಪಿಸಬೇಕು. ಪೋಲೀಸರೂ ಸೇರಿ ಎಲ್ಲ ತುರ್ತು ನೆರವಿಗೆ 112, ಆಂಬ್ಯುಲೆನ್ಸಿಗೆ 108. ಆದರೆ ಈ ಅಡವಿಯ ಎಷ್ಟೋ ತಗ್ಗುಗಳಲ್ಲಿ ಮೊಬೈಲಿಗೆ ಸಂಕೇತವೇ ಸಿಗದು. ಆದ್ದರಿಂದ ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಮರಳುವೆವೆಂದು ಬಿಡಾರದಲ್ಲಿ ಒಬ್ಬರಿಗಾದರೂ ಹೇಳಿಹೋಗತಕ್ಕದ್ದು.

ಇಷ್ಟೆಲ್ಲ ಕೂಡಿಸಿದ ಡಬ್ಬಿಯನ್ನು ಚಕ್ಕಡಿಯಲ್ಲಿ ಹಾಸಿಗೆಯ ಕೆಳಗಿಟ್ಟು ಗವಿ ನೋಡಲು ಹೋದರೆ ಏನು ಫಲ? ಕರಡಿಗೆಯನ್ನು ಮೈಯಿಂದ ಅಗಲಿಸದ ನಮ್ಮ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಿರಿಯರಿಗೆ ಹೇಳಬೇಕಾದೀತು.

ಡಬ್ಬಿಯಲ್ಲೊಂದು ಸಣ್ಣ ಚಿಮಟವೂ ಇರಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉತ್ತರ ಕನ್ನಡದಲ್ಲಿಯೂ ಕಾಣಿಸಿಕೊಂಡಿದೆ. ಅದನ್ನು ಹರಡುವ ಉಣ್ಣಿಗಳ ಹಾವಳಿ ಜಾತ್ರೆಯ ದಿನಗಳಲ್ಲಿಯೇ ಹೆಚ್ಚು. ತರಗೆಲೆಯ ಮೇಲೆ ಕೂಡದೆ, ತೋಳು ಕಾಲು ಮುಚ್ಚುವ ಬಟ್ಟೆ ತೊಟ್ಟು, ಸಂಜೆ ಮೈಯೆಲ್ಲ ನೋಡಿಕೊಳ್ಳಬೇಕು. ಕಚ್ಚಿದ ಉಣ್ಣಿಯನ್ನು ಸುಡದೆ, ಹಿಸುಕದೆ, ಚರ್ಮಕ್ಕೆ ತಾಗಿ ಹಿಡಿದು ನೆಟ್ಟಗೆ ಎಳೆದು ತೆಗೆಯಬೇಕು. ಮನೆಗೆ ಮರಳಿದ ಎರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ, ವೈದ್ಯರು ಕೇಳದಿದ್ದರೂ ಉಳವಿಯ ಅಡವಿಗೆ ಹೋಗಿ ಬಂದೆವೆಂದು ತಿಳಿಸಬೇಕು.